ಸಂಜೆ ಆಯ್ತು ಅಂದ್ರೆ ಆರ್‌ಸಿಸಿಬಿ ಬೀಳುತ್ತೆ, ಎಲೆಕ್ಟ್ರಿಷಿಯನ್ "ತೆಗೆದುಬಿಡಿ" ಅಂತಾರೆ. ಏನು ಮಾಡಲಿ?

ಹಾಸನ_ಮೇಲ್ಮನೆ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮ ಹಳೇ ಮನೆ ಮೇಲೆ ಒಂದು ಮಹಡಿ ಕಟ್ಟಿಸಿ ಮೂರು ತಿಂಗಳಾಯ್ತು. ಕೆಳಗೆ ಅಮ್ಮ ಇರುತ್ತಾರೆ. ಮೇಲೆ ನಾನು, ಹೆಂಡತಿ, ಐದು ವರ್ಷದ ಮಗಳು. ಮೀಟರ್ ಒಂದೇ, ಸಿಂಗಲ್ ಫೇಸ್. ಮೇನ್ ಸ್ವಿಚ್‌ನಿಂದ ಒಂದು ಲೈನ್ ಕೆಳಗಿನ ಹಳೇ ಬೋರ್ಡಿಗೆ ಹೋಗುತ್ತದೆ, ಇನ್ನೊಂದು ಮೇಲಿನ ಹೊಸ ಡಿಬಿಗೆ (ಡಿಸ್ಟ್ರಿಬ್ಯೂಷನ್ ಬೋರ್ಡ್). ಕೆಳಗೆ ಇನ್ನೂ ಪಿಂಗಾಣಿ ಫ್ಯೂಸ್ ಇದೆ.

ಮೇಲಿನ ಡಿಬಿಯಲ್ಲಿ ಮೊದಲು ಒಂದು 40 ಆಂಪಿಯರ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್. 30 ಮಿಲಿ ಆಂಪಿಯರ್ ಎಂದು ಬರೆದಿದೆ. ಆಮೇಲೆ ಎಂಸಿಬಿಗಳು, ಲೋಡ್ ಜಾಸ್ತಿ ಆದರೆ ಅಥವಾ ಶಾರ್ಟ್ ಆದರೆ ಬೀಳುವಂಥವು. ಲೈಟಿಗೆ 10 ಆಂಪಿಯರಿನದು ಎರಡು. ಪ್ಲಗ್, ಗೀಸರ್, ಅಡುಗೆಮನೆ, ಇವಕ್ಕೆಲ್ಲ 32. ವೈರ್ ಲೈಟಿಗೆ 1.5 ಚದರ ಮಿಮೀ, ಬಾಕಿ ಎಲ್ಲ 2.5.

ತೊಂದರೆ ಏನಂದ್ರೆ, ಸಂಜೆ ಆರೂವರೆ ಏಳರ ಹೊತ್ತಿಗೆ ಆರ್‌ಸಿಸಿಬಿ ಬೀಳುತ್ತದೆ. ಎತ್ತಿದರೆ ಮತ್ತೆ ಬೀಳುತ್ತದೆ. ಎರಡು ಮೂರು ಸಲ ಎತ್ತಿದ ಮೇಲೆ ತಾನಾಗೇ ನಿಲ್ಲುತ್ತದೆ. ಬೆಳಗ್ಗೆ ಗೀಸರ್ ಹಾಕಿದಾಗ ಏನೂ ಆಗಲ್ಲ. ಎಲೆಕ್ಟ್ರಿಷಿಯನ್ ಎರಡು ಸಲ ಮಧ್ಯಾಹ್ನ ಬಂದು ನೋಡಿದರು, ಏನೂ ಸಿಗಲಿಲ್ಲ. ಈಗ "ಇದರ ಕಾಟ ಇದ್ದದ್ದೇ, ತೆಗೆದು ನೇರವಾಗಿ ಕೊಟ್ಟುಬಿಡ್ತೀನಿ, ಎಂಸಿಬಿ ಇದೆಯಲ್ಲ" ಅಂತಿದ್ದಾರೆ. ತೆಗೆಸಬಹುದಾ? ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಬೆಳಗಾವಿ_ಹುಡುಗ
ತೆಗೆಸ್ರಿ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇಲ್ಲ, ಏನೂ ಆಗಿಲ್ಲ. ಮಳೆಗಾಲದಲ್ಲಿ ಸುಮ್ನೆ ಬೀಳ್ತಾನೇ ಇರುತ್ತದೆ. ಎಂಸಿಬಿ ಒಳ್ಳೇದು ಹಾಕಿದ್ರೆ ಸಾಕು.

ತುಮಕೂರು_ವೈರ್‌ಮ್ಯಾನ್
ದಯವಿಟ್ಟು ತೆಗೆಸಬೇಡಿ ಸರ್. ನಾನು ಇದೇ ಕೆಲಸ ಮಾಡೋನು, ಹದಿನಾರು ವರ್ಷ ಆಯ್ತು. ಆರ್‌ಸಿಸಿಬಿ ಬೀಳುತ್ತಿದೆ ಅಂದ್ರೆ ಅದು ಏನೋ ಹೇಳುತ್ತಿದೆ. ಕಾರಣ ಹುಡುಕೋಕೆ ಅರ್ಧ ದಿನ ಹೋಗುತ್ತದೆ, ಆ ಅರ್ಧ ದಿನಕ್ಕೆ ಯಾರೂ ಕೂಲಿ ಕೊಡಲ್ಲ. ಪಾಯಿಂಟ್ ಲೆಕ್ಕದಲ್ಲಿ ಕೆಲಸ ಮಾಡೋರು ಅದಕ್ಕೇ "ತೆಗೆದುಬಿಡಿ" ಅಂತಾರೆ. ಅವರನ್ನು ಬೈತಾ ಇಲ್ಲ. ಹುಡುಕುವ ಕೆಲಸಕ್ಕೆ ಬೇರೆ ದುಡ್ಡು ಕೊಡ್ತೀನಿ ಅಂತ ಹೇಳಿ ನೋಡಿ, ಮಾಡ್ತಾರೆ.

ಇನ್ನೊಂದು ಮಾತು. 2.5 ವೈರಿಗೆ 32 ಎಂಸಿಬಿ ಹಾಕಿದ್ದು ದೊಡ್ಡ ತಪ್ಪು. ಅದನ್ನು ಮೊದಲು ಬದಲಾಯಿಸಿ.

ಪಾಲಿಟೆಕ್ನಿಕ್_ಮೇಷ್ಟ್ರು
ಬೆಳಗಾವಿಯವರ ಮಾತಿಗೆ ಉತ್ತರ ಹೇಳಲೇಬೇಕು. ಎಂಸಿಬಿ ಇರೋದು ವೈರ್ ಕಾಯೋಕೆ. ಆರ್‌ಸಿಸಿಬಿ ಇರೋದು ಮನುಷ್ಯರನ್ನು ಕಾಯೋಕೆ. ಒಂದರ ಕೆಲಸ ಇನ್ನೊಂದು ಮಾಡಲ್ಲ.

ಆರ್‌ಸಿಸಿಬಿ ಮಾಡುವ ಲೆಕ್ಕ ಸರಳ. ಫೇಸಿನಲ್ಲಿ ಎಷ್ಟು ಕರೆಂಟ್ ಹೋಯ್ತೋ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರಬೇಕು. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ 0.3 ಸೆಕೆಂಡ್ ಒಳಗೆ ಬೀಳಬೇಕು. ವ್ಯತ್ಯಾಸ 150 ಮಿಲಿ ಆದರೆ 0.04 ಸೆಕೆಂಡ್. ವ್ಯತ್ಯಾಸ ಆಯ್ತು ಅಂದ್ರೆ ಕರೆಂಟ್ ಬೇರೆ ದಾರಿ ಹಿಡಿದಿದೆ. ಆ ದಾರಿ ಗೋಡೆ ಇರಬಹುದು, ಗೀಸರ್ ಮೈ ಇರಬಹುದು, ನಿಮ್ಮ ಮಗಳ ಕೈ ಇರಬಹುದು. 10 ಆಂಪಿಯರಿನ ಎಂಸಿಬಿಗೆ 0.03 ಆಂಪಿಯರ್ ಲೆಕ್ಕಕ್ಕೇ ಇಲ್ಲ.

ಇನ್ನು ನಮ್ಮ ಕಡೆ ಇದು ಯಾಕೆ ಬೇಕೇ ಬೇಕು ಅಂತ ಹೇಳ್ತೀನಿ. ನಮ್ಮ ಮನೆಗಳಿಗೆ ಕಂಬದಿಂದ ಫೇಸ್ ಮತ್ತು ನ್ಯೂಟ್ರಲ್ ಬರುತ್ತದೆ. ಅರ್ಥಿಂಗ್ ಗುಂಡಿ ನಾವೇ ತೋಡಿಸಿಕೊಳ್ಳಬೇಕು. ಆ ಗುಂಡಿಯ ದಾರಿ ಎಲ್ಲ ಸೇರಿ 10 ಓಮ್ ಇದೆ ಅಂದುಕೊಳ್ಳಿ. ಗೀಸರ್ ಒಳಗೆ ಫೇಸ್ ವೈರ್ ಮೈಗೆ ತಾಗಿತು. 230 ಭಾಗಿಸು 10, ಬರೀ 23 ಆಂಪಿಯರ್ ಹರಿಯುತ್ತದೆ. ನಿಮ್ಮ 32ರ ಎಂಸಿಬಿ ಅದಕ್ಕೆ ಯಾವತ್ತೂ ಬೀಳಲ್ಲ. 16ರದ್ದು ಕೂಡ ಬೀಳೋಕೆ ಗಂಟೆ ಹತ್ತಿರ ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಗೀಸರಿನ ಮೈಯಲ್ಲಿ ಕರೆಂಟ್ ಇರುತ್ತದೆ. ಆರ್‌ಸಿಸಿಬಿ ಇದ್ದರೆ ಕಣ್ಣು ಮಿಟುಕಿಸುವ ಮೊದಲೇ ಬಿದ್ದಿರುತ್ತದೆ.

ಬೆಳಗಾವಿ_ಹುಡುಗ
ನಮ್ಮ ಅರ್ಥಿಂಗ್ ಪಕ್ಕಾ ಇದೆ ಮೇಷ್ಟ್ರೇ. ಗುಂಡಿ ಒಣಗಿದೆ ಅಂತ ನಮ್ಮ ಎಲೆಕ್ಟ್ರಿಷಿಯನ್ ಅರ್ಥ್ ವೈರನ್ನು ನ್ಯೂಟ್ರಲ್‌ಗೆ ಸೇರಿಸಿಕೊಟ್ಟಿದ್ದಾರೆ. ಟೆಸ್ಟ್ ಬಲ್ಬ್ ಜೋರಾಗಿ ಉರಿಯುತ್ತದೆ.

ನಿವೃತ್ತ_ಇಂಜಿನಿಯರ್
ಅಯ್ಯೋ, ಇವತ್ತೇ ಬಿಚ್ಚಿಸಿ ತಮ್ಮಾ. ಕೋಪದಿಂದ ಹೇಳ್ತಾ ಇಲ್ಲ, ಗಾಬರಿಯಿಂದ ಹೇಳ್ತಾ ಇದ್ದೀನಿ. ವಿದ್ಯುತ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದ್ದೀನಿ.

ಕಂಬದಿಂದ ಬರುವ ನ್ಯೂಟ್ರಲ್ ಗಾಳಿ ಮಳೆಗೆ ತುಂಡಾಗೋದು ಅಪರೂಪ ಅಲ್ಲ. ಅದು ತುಂಡಾದ ಕೂಡಲೇ, ಮನೆಯೊಳಗೆ ಉರಿಯುತ್ತಿರುವ ಯಾವುದೋ ಒಂದು ಬಲ್ಬ್ ಮೂಲಕ ಫೇಸ್ ಹೋಗಿ ನಿಮ್ಮ ನ್ಯೂಟ್ರಲ್‌ಗೆ ಕೂರುತ್ತದೆ. ನೀವು ಅದಕ್ಕೇ ಅರ್ಥ್ ಸೇರಿಸಿದ್ದೀರಿ. ಆಗ ಫ್ರಿಜ್, ವಾಷಿಂಗ್ ಮೆಷಿನ್, ಗೀಸರ್, ಎಲ್ಲದರ ಮೈಗೂ ಒಟ್ಟಿಗೇ 230 ವೋಲ್ಟ್ ಬರುತ್ತದೆ. ಸ್ವಿಚ್ ಆಫ್ ಮಾಡಿದರೂ ಹೋಗಲ್ಲ. ಟೆಸ್ಟ್ ಬಲ್ಬ್ ಜೋರಾಗಿ ಉರಿಯೋದು ಅರ್ಥಿಂಗ್ ಚೆನ್ನಾಗಿದೆ ಅಂತ ಅಲ್ಲ, ಅದು ನ್ಯೂಟ್ರಲ್ ಅಂತ.

ಬೆಳಗಾವಿ_ಹುಡುಗ
ಇದು ಗೊತ್ತಿರಲಿಲ್ಲ ಸರ್. ನಾಳೆನೇ ಕರೆಸ್ತೀನಿ.

ಮೆಲ್ಬರ್ನ್_ಕನ್ನಡಿಗ
ಇಂಜಿನಿಯರ್ ಸರ್ ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸ್ತೀನಿ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರತಿ ಮನೆಯ ಸ್ವಿಚ್‌ಬೋರ್ಡಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿಯೇ ಇರುತ್ತಾರೆ. ಇಲ್ಲಿನ ಪದ್ಧತಿಯೇ ಹಾಗೆ, ಬೀದಿಯ ಲೈನು ಅದಕ್ಕೆ ತಕ್ಕಂತೆ ಇರುತ್ತದೆ. ಯೂಟ್ಯೂಬಿನಲ್ಲಿ ಇಲ್ಲಿಯ ವಿಡಿಯೊ ನೋಡಿ ಊರಿನಲ್ಲಿ ಹಾಗೇ ಮಾಡೋಕೆ ಹೋಗಬೇಡಿ.

ಇಲ್ಲಿ ಮನೆಯವರು ಗೋಡೆಯ ಒಂದು ಪ್ಲಗ್ ಪಾಯಿಂಟನ್ನೂ ತಾವೇ ಬದಲಾಯಿಸುವಂತಿಲ್ಲ, ಲೈಸೆನ್ಸ್ ಇದ್ದವರೇ ಮಾಡಬೇಕು. 2018ರ ವೈರಿಂಗ್ ನಿಯಮ ಬಂದ ಮೇಲೆ ಹೊಸ ಮನೆಗಳಲ್ಲಿ ಲೈಟ್ ಸೇರಿ ಎಲ್ಲ ಲೈನಿಗೂ 30 ಮಿಲಿ ರಕ್ಷಣೆ ಇರಲೇಬೇಕು. ಜಾಸ್ತಿ ಜನ ಪ್ರತಿ ಲೈನಿಗೂ ಒಂದೊಂದು ಆರ್‌ಸಿಬಿಒ ಹಾಕಿಸ್ತಾರೆ. ಆರ್‌ಸಿಬಿಒ ಅಂದ್ರೆ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಒಂದರಲ್ಲೇ. ಬಚ್ಚಲುಮನೆ ಲೈನ್ ಕೆಟ್ಟರೆ ಅದೊಂದೇ ಬೀಳುತ್ತದೆ, ಫ್ರಿಜ್ ಓಡುತ್ತಿರುತ್ತದೆ.

ಹಾಸನ_ಮೇಲ್ಮನೆ
ಎಲ್ಲರಿಗೂ ಥ್ಯಾಂಕ್ಸ್. ತೆಗೆಸಲ್ಲ, ಅದು ತೀರ್ಮಾನ ಆಯ್ತು. ಹಾಗಾದ್ರೆ ಕಾರಣ ಹುಡುಕೋದು ಹೇಗೆ? ಮತ್ತೆ 32ರ ವಿಷಯ. ಗೀಸರ್ 2 ಕಿಲೊವ್ಯಾಟ್, ಅದು 9 ಆಂಪಿಯರ್ ಕೂಡ ಎಳೆಯಲ್ಲ. 2.5 ವೈರ್ ಅಷ್ಟನ್ನು ಆರಾಮಾಗಿ ತಡೆಯುತ್ತದೆ. 32 ಇದ್ದರೆ ತೊಂದರೆ ಏನು?

ತುಮಕೂರು_ವೈರ್‌ಮ್ಯಾನ್
ಗೀಸರ್ ಸರಿ ಇರೋವರೆಗೆ ತೊಂದರೆ ಇಲ್ಲ ಸರ್. ಆದರೆ ಪಾಯಿಂಟ್ ಅನ್ನೋದು ಗೀಸರಿಗೇ ಅಂತ ಬರೆದಿಟ್ಟಿದ್ದಲ್ಲ. ನಾಳೆ ಅಲ್ಲಿಂದ ಎಕ್ಸ್‌ಟೆನ್ಶನ್ ಎಳೆದು ಹೀಟರ್ ಹಾಕ್ತೀರಿ, ಇಸ್ತ್ರಿಪೆಟ್ಟಿಗೆ ಹಾಕ್ತೀರಿ. ಗೋಡೆಯೊಳಗೆ ಪೈಪಿನಲ್ಲಿ ಕೂತ 2.5 ವೈರ್ ಸುಮಾರು 18ರಿಂದ 20 ಆಂಪಿಯರ್ ತಡೆಯುತ್ತದೆ. ಅದೇ ಪೈಪಿನಲ್ಲಿ ಇನ್ನೂ ನಾಲ್ಕು ವೈರ್ ತುರುಕಿದ್ದರೆ ಇನ್ನೂ ಕಮ್ಮಿ. 28 ಆಂಪಿಯರ್ ಹರಿದರೆ ವೈರ್ ಒಳಗೇ ಬೇಯುತ್ತದೆ, 32ರ ಎಂಸಿಬಿ ನೋಡ್ತಾ ಕೂತಿರುತ್ತದೆ. ಅಷ್ಟೇ ಅಲ್ಲ, ಆ ಪ್ಲಗ್ ಪಾಯಿಂಟೇ 16 ಆಂಪಿಯರಿನದು.

ನಾನು ಹಾಕೋದು ಹೀಗೆ. 1.5ಕ್ಕೆ 6 ಅಥವಾ 10. 2.5ಕ್ಕೆ 16. 4ಕ್ಕೆ 20 ಅಥವಾ 25. ಇದಕ್ಕಿಂತ ಮೇಲೆ ಹೋಗಲ್ಲ.

ಕರಾವಳಿ_ಅಕ್ಕ
2.5ಕ್ಕೆ 20 ಹಾಕಿದರೆ ಆಗುವುದಿಲ್ಲವಾ? ನಮ್ಮ ಉಡುಪಿ ಮನೆಯಲ್ಲಿ ಎಲ್ಲ 20 ಇದೆ.

ತುಮಕೂರು_ವೈರ್‌ಮ್ಯಾನ್
ಅಕ್ಕ, ಒಂದೇ ಜೋಡಿ ವೈರ್ ಇರುವ ಪೈಪ್ ಆದರೆ ನಡೆಯುತ್ತದೆ ಅನ್ನೋರು ಇದ್ದಾರೆ. ನಾನು ಮಾತ್ರ ಹಾಕಲ್ಲ. ಬೇಸಿಗೆಯಲ್ಲಿ ತಾರಸಿ ಕೆಳಗಿನ ಪೈಪ್ ಮುಟ್ಟಿ ನೋಡಿದವರಿಗೆ ಗೊತ್ತು.

ಮಲೆನಾಡ_ಮಳೆ
ಹಾಸನದವರೇ, ಗೇಟ್ ಲೈಟ್ ನೋಡಿ. ಸಂಜೆ ಮಾತ್ರ ಬೀಳುತ್ತದೆ ಅಂದ್ರೆ ಸಂಜೆ ಹಚ್ಚುವ ಲೈಟೇ ಇರಬೇಕು. ನಮ್ಮ ತೀರ್ಥಹಳ್ಳಿ ಕಡೆ ಜೂನ್ ಬಂದರೆ ಇದೇ ಕಥೆ. ಗೇಟ್ ಕಂಬದ ಲೈಟಿನೊಳಗೆ ನೀರು ಇಳಿದು ಇರುವೆ ಗೂಡು ಕಟ್ಟಿತ್ತು. ಒರೆಸಿ, ಹೊಸ ಹೋಲ್ಡರ್ ಹಾಕಿ, ಮೇಲೊಂದು ತಗಡು ಹೊಡೆದ ಮೇಲೆ ನಿಂತಿತು.

ಹಾಸನ_ಮೇಲ್ಮನೆ
ಗೇಟ್ ಲೈಟ್ ಕೆಳಗಿನ ಹಳೇ ಬೋರ್ಡಿನಲ್ಲಿದೆ, ಅದಕ್ಕೂ ಮೇಲಿನ ಡಿಬಿಗೂ ಸಂಬಂಧ ಇಲ್ಲ. ಮೇಲೆ ಬಾಲ್ಕನಿ ಲೈಟ್ ಇದೆ. ಅದರ ಬಲ್ಬ್ ತೆಗೆದು ನೋಡಿದೆ, ಆದರೂ ಬಿತ್ತು.

ಪಾಲಿಟೆಕ್ನಿಕ್_ಮೇಷ್ಟ್ರು
ಸಮಾಧಾನವಾಗಿ ಒಂದೊಂದೇ ಮಾಡಿ. ಸಂಜೆ ಬಿದ್ದ ಕೂಡಲೇ ಮೇಲಿನ ಎಂಸಿಬಿ ಎಲ್ಲ ಕೆಳಗೆ ಹಾಕಿ. ಆಮೇಲೆ ಆರ್‌ಸಿಸಿಬಿ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲಿ ತಪ್ಪಿದೆ. ಡಿಬಿ ಮುಚ್ಚಳ ಬಿಚ್ಚಬೇಡಿ, ಬರೀ ಹಿಡಿಕೆ ಮುಟ್ಟಿದರೆ ಸಾಕು.

ಹಾಸನ_ಮೇಲ್ಮನೆ
ಸರ್, ಇವತ್ತು ಸಂಜೆ 6.40ಕ್ಕೆ ಬಿತ್ತು. ನೀವು ಹೇಳಿದ ಹಾಗೇ ಎಂಸಿಬಿ ಎಲ್ಲ ಕೆಳಗೆ ಹಾಕಿ ಆರ್‌ಸಿಸಿಬಿ ಎತ್ತಿದೆ. ಎಲ್ಲ ಎಂಸಿಬಿ ಆಫ್ ಇದ್ದರೂ ಬಿತ್ತು. ಇದು ಹೇಗೆ ಸಾಧ್ಯ? ಐದು ನಿಮಿಷ ಬಿಟ್ಟು ಎತ್ತಿದೆ, ನಿಂತಿತು. ಆರ್‌ಸಿಸಿಬಿಯೇ ಕೆಟ್ಟಿದೆಯಾ?

ಬೆಳಗಾವಿ_ಹುಡುಗ
ಕೆಟ್ಟಿದೆ. ಹೊಸದು ಹಾಕಿಸಿ.

ಪಾಲಿಟೆಕ್ನಿಕ್_ಮೇಷ್ಟ್ರು
ಕೆಟ್ಟಿದ್ದರೆ ಮಧ್ಯಾಹ್ನವೂ ಬೀಳಬೇಕಿತ್ತು. ನನಗೆ ಇದು ಒಳ್ಳೇ ಸುಳಿವು ಅನ್ನಿಸುತ್ತದೆ. ನಿಮ್ಮ ಎಂಸಿಬಿಗಳು ಸಿಂಗಲ್ ಪೋಲ್. ಅವು ಫೇಸನ್ನು ಮಾತ್ರ ಕಡಿಯುತ್ತವೆ, ನ್ಯೂಟ್ರಲ್ ಹಾಗೇ ಕೂಡಿಕೊಂಡಿರುತ್ತದೆ. ಎಲ್ಲ ಎಂಸಿಬಿ ಆಫ್ ಇದ್ದೂ ಬಿತ್ತು ಅಂದ್ರೆ ತಪ್ಪು ನ್ಯೂಟ್ರಲ್ ಕಡೆ ಇದೆ.

ನಿವೃತ್ತ_ಇಂಜಿನಿಯರ್
ಹೊಸ ಗೋಡೆ, ಮೂರೇ ತಿಂಗಳಾಗಿದೆ. ಪ್ಲಾಸ್ಟರ್ ಇನ್ನೂ ಹಸಿ ಇರುತ್ತದೆ. ಎಲ್ಲೋ ನ್ಯೂಟ್ರಲ್ ವೈರ್ ಸುಲಿದು ಅರ್ಥ್‌ಗೆ ಅಥವಾ ಹಸಿ ಗೋಡೆಗೆ ತಾಗುತ್ತಿದೆ. ಸಂಜೆ ಕೆಳಗೆ ಲೋಡ್ ಜಾಸ್ತಿ ಆದಾಗ ನ್ಯೂಟ್ರಲ್‌ನಲ್ಲಿ ಒಂದೆರಡು ವೋಲ್ಟ್ ಏಳುತ್ತದೆ, ಅಷ್ಟು ಸಾಕು ಅರ್ಥ್ ಕಡೆ ಸೋರೋಕೆ. ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್) ಇರುವವರನ್ನು ಕರೆಸಿ 500 ವೋಲ್ಟಿನಲ್ಲಿ ನೋಡಿಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 1 ಮೆಗಾಓಮ್‌ಗಿಂತ ಕಮ್ಮಿ ಬರಬಾರದು.

ತುಮಕೂರು_ವೈರ್‌ಮ್ಯಾನ್
ಇಂಜಿನಿಯರ್ ಸರ್, ನೀವು ದೊಡ್ಡೋರು, ಆದರೆ ನಾನು ಒಪ್ಪಲ್ಲ. ಹಸಿ ಗೋಡೆ ಆದರೆ ಬೆಳಗಿನ ಜಾವ ಬೀಳಬೇಕು, ಮಳೆ ದಿನ ಬೀಳಬೇಕು. ಗಡಿಯಾರ ನೋಡಿಕೊಂಡು 6.40ಕ್ಕೆ ಬೀಳಲ್ಲ. ನನಗೆ ಇದು ನ್ಯೂಟ್ರಲ್ ಮಿಕ್ಸ್ ಅನ್ನಿಸುತ್ತೆ. ಕೆಳಗಿನ ಯಾವುದೋ ಲೈಟು ಫೇಸ್ ಕೆಳಗಿನಿಂದ ತಗೊಂಡು ನ್ಯೂಟ್ರಲ್ ಮೇಲಿನಿಂದ ತಗೊಂಡಿದೆ. ಹಾಸನದವರೇ, ಎರಡು ಪ್ರಶ್ನೆ. ಇದು ಬೀಳದೇ ಇದ್ದ ದಿನ ಯಾವುದಾದರೂ ಇದೆಯಾ? ಇದ್ದರೆ ಆ ದಿನ ಮನೆಯಲ್ಲಿ ಯಾರು ಇರಲಿಲ್ಲ?

ನಿವೃತ್ತ_ಇಂಜಿನಿಯರ್
ಇರಬಹುದಪ್ಪ. ಆದರೆ ಮೆಗ್ಗರ್ ಹಾಕದೆ ಯಾವುದನ್ನೂ ಖಚಿತ ಅನ್ನಬೇಡ.

ಹಾಸನ_ಮೇಲ್ಮನೆ
ಹೋದ ತಿಂಗಳು ಒಂದು ವಾರ ಬೀಳಲೇ ಇಲ್ಲ. ಈಗ ಲೆಕ್ಕ ಹಾಕಿದರೆ, ಆ ವಾರ ಅಮ್ಮ ಅರಸೀಕೆರೆಗೆ ಅಕ್ಕನ ಮನೆಗೆ ಹೋಗಿದ್ದರು.

ತುಮಕೂರು_ವೈರ್‌ಮ್ಯಾನ್
ಅಮ್ಮ ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾವ ಸ್ವಿಚ್ ಹಾಕ್ತಾರೆ ಕೇಳಿ. ಮೆಟ್ಟಿಲ ಲೈಟ್ ಇದೆಯಾ? ಕೆಳಗೊಂದು ಮೇಲೊಂದು ಸ್ವಿಚ್ ಇರೋ ಟೂ-ವೇ?

ಹಾಸನ_ಮೇಲ್ಮನೆ
ಇದೆ! ಅಮ್ಮನನ್ನು ಕೇಳಿದೆ. "ಗೇಟ್ ಲೈಟ್ ಹಾಕ್ತೀನಿ, ಆಮೇಲೆ ನೀನು ಬರ್ತೀಯ ಅಂತ ಮೆಟ್ಟಿಲ ಲೈಟ್ ಹಾಕ್ತೀನಿ. ಅದು ಹತ್ತೋದೇ ಇಲ್ಲ, ಸ್ವಲ್ಪ ಹೊತ್ತು ನೋಡಿ ಆಫ್ ಮಾಡ್ತೀನಿ" ಅಂದರು. ಮೂರು ತಿಂಗಳಿಂದ ಇದನ್ನು ಯಾರಿಗೂ ಹೇಳಿಲ್ಲ, ಬಲ್ಬ್ ಹೋಗಿದೆ ಅಂದುಕೊಂಡಿದ್ದರಂತೆ. ಈಗಲೇ ಹೋಗಿ ಸ್ವಿಚ್ ಹಾಕಿ ನೋಡಿದೆ. ಟಪ್ ಅಂತ ಮೇಲೆ ಬಿತ್ತು. ಆಫ್ ಮಾಡಿ ಎತ್ತಿದೆ, ನಿಂತಿತು. ಐದು ಸಲ ನೋಡಿದೆ, ಐದು ಸಲವೂ ಹಾಗೇ.

ಆದರೆ ಅದು 9 ವ್ಯಾಟಿನ ಎಲ್‌ಇಡಿ ಅಷ್ಟೇ. ಅಷ್ಟಕ್ಕೇ ಬೀಳುತ್ತದಾ?

ಪಾಲಿಟೆಕ್ನಿಕ್_ಮೇಷ್ಟ್ರು
ಸಾಕಾಗುತ್ತದೆ. 9 ಭಾಗಿಸು 230, ಸುಮಾರು 39 ಮಿಲಿ ಆಂಪಿಯರ್. ಎಲ್‌ಇಡಿಯ ಪವರ್ ಫ್ಯಾಕ್ಟರ್ ಕಮ್ಮಿ ಇದ್ದರೆ ಇನ್ನೂ ಜಾಸ್ತಿ. 30 ಮಿಲಿಯ ಆರ್‌ಸಿಸಿಬಿಗೆ 15ರವರೆಗೆ ಬೀಳಬಾರದು, 30ಕ್ಕೆ ಬೀಳಲೇಬೇಕು. ಆ ಬಲ್ಬಿನ ಕರೆಂಟ್ ಪೂರ್ತಿ ಕೆಳಗಿನ ಫೇಸಿನಿಂದ ಬಂದು ಮೇಲಿನ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತಿದೆ. ಆರ್‌ಸಿಸಿಬಿ ಕಣ್ಣಿಗೆ ಅದು ಲೆಕ್ಕಕ್ಕೆ ಸಿಗದ ಕರೆಂಟ್. ಆರ್‌ಸಿಸಿಬಿ ಬಿದ್ದಾಗ ನ್ಯೂಟ್ರಲ್ ಕೂಡ ಕಡಿಯುತ್ತದೆ, ಅದಕ್ಕೇ ಮೆಟ್ಟಿಲ ಲೈಟ್ ಹತ್ತಲಿಲ್ಲ. ಅಮ್ಮ ಆಫ್ ಮಾಡಿದ ಮೇಲೆ ನೀವು ಎತ್ತಿದರೆ ನಿಲ್ಲುತ್ತದೆ. ಎಲ್ಲ ಸರಿಹೋಯ್ತು ನೋಡಿ.

ನಿವೃತ್ತ_ಇಂಜಿನಿಯರ್
ತುಮಕೂರಿನ ತಮ್ಮ ಗೆದ್ದ. ಇದು ಸಿಟ್ಟು ಬರುವ ತಪ್ಪು, ಯಾಕಂದ್ರೆ ಅಪಾಯ ಕೂಡ ಇದೆ. ಯಾರೋ ಮೇಲಿನ ಡಿಬಿ ಪೂರ್ತಿ ಆಫ್ ಮಾಡಿ, ಕರೆಂಟ್ ಇಲ್ಲ ಅಂದುಕೊಂಡು ಮೇಲಿನ ನ್ಯೂಟ್ರಲ್ ಮುಟ್ಟಿದರೆ ಆ ಬಲ್ಬ್ ಮೂಲಕ ಕೆಳಗಿನ ಫೇಸ್ ಬಂದು ಹೊಡೆಯುತ್ತದೆ.

ಮಲೆನಾಡ_ಮಳೆ
ಇನ್ವರ್ಟರ್ ಹಾಕಿಸಿದವರಿಗೂ ಇದೇ ಗೋಳು. ನಮ್ಮ ಮನೆಯಲ್ಲಿ ಯುಪಿಎಸ್ ಲೈನಿನ ನ್ಯೂಟ್ರಲ್ ಎಲ್ಲೋ ಆರ್‌ಸಿಸಿಬಿ ಹಿಂದೆ ಸೇರಿಸಿದ್ದರು. ಕರೆಂಟ್ ಬಂದ ಕೂಡಲೇ ಬೀಳುತ್ತಿತ್ತು. ಅದಕ್ಕೆ ಏನು ಮಾಡಬೇಕು ಯಾರಾದರೂ ಹೇಳ್ತೀರಾ?

ತುಮಕೂರು_ವೈರ್‌ಮ್ಯಾನ್
ಇನ್ವರ್ಟರ್ ಲೈನಿಗೆ ನ್ಯೂಟ್ರಲ್ ಪೂರ್ತಿ ಬೇರೆ ಇರಬೇಕು, ನ್ಯೂಟ್ರಲ್ ಲಿಂಕ್ (ನ್ಯೂಟ್ರಲ್ ವೈರ್‌ಗಳು ಬಂದು ಸೇರುವ ಪಟ್ಟಿ) ಕೂಡ ಬೇರೆ. ಇನ್ವರ್ಟರ್ ಆದ ಮೇಲೆ ಆ ಲೈನಿಗೇ ಇನ್ನೊಂದು ಆರ್‌ಸಿಸಿಬಿ ಹಾಕಿ. ಮೇನ್‌ನಲ್ಲಿ ಮಾತ್ರ ಇದ್ದರೆ, ಬ್ಯಾಟರಿಯಿಂದ ಓಡುವಾಗ ಆ ಕರೆಂಟ್ ಮೇನ್ ಆರ್‌ಸಿಸಿಬಿ ಮೂಲಕ ಹೋಗೋದೇ ಇಲ್ಲ. ಕರೆಂಟ್ ಹೋದಾಗ ನಿಮಗೆ ರಕ್ಷಣೆಯೂ ಇರಲ್ಲ. ಇದನ್ನು ಎಷ್ಟೋ ಜನ ಮರೀತಾರೆ.

ಕರಾವಳಿ_ಅಕ್ಕ
ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಎಷ್ಟು ತಿಂಗಳಿಗೆ ಹಾಕಬೇಕು? ಕೇಳುವುದು ಮರೆತಿದ್ದೆ.

ಮಲೆನಾಡ_ಮಳೆ
ಅಕ್ಕ, ತಿಂಗಳಿಗೊಮ್ಮೆ ಮಟ್ಟ ನೋಡಿ, ಇಳಿದಿದ್ದರೆ ಹಾಕಿ. ನಲ್ಲಿ ನೀರು ಬೇಡ.

ಹಾಸನ_ಮೇಲ್ಮನೆ
ಇನ್ನೊಂದು ವಿಷಯ ಕೇಳ್ತೀನಿ. ಅಮ್ಮ ಮಾತಾಡುವಾಗ ಹೇಳಿದರು. ಕೆಳಗಿನ ಬಚ್ಚಲುಮನೆಯಲ್ಲಿ ಬೆಳಗ್ಗೆ ನಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತದಂತೆ. ಚಳಿಗೆ ಇರಬಹುದು ಅಂದರು. ಇದು ಏನಾದರೂ...

ನಿವೃತ್ತ_ಇಂಜಿನಿಯರ್
ಗೀಸರ್ ಪ್ಲಗ್ ಈಗಲೇ ತೆಗೆಯಿರಿ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಪ್ಲಗ್ ಕಿತ್ತು ಬಂದು ಇಲ್ಲಿ ಬರೆಯಿರಿ.

ತುಮಕೂರು_ವೈರ್‌ಮ್ಯಾನ್
ಅದು ಚಳಿ ಅಲ್ಲ ಸರ್. ಅಮ್ಮ ಆ ಬಚ್ಚಲಿಗೆ ಹೋಗೋದು ಬೇಡ.

ಹಾಸನ_ಮೇಲ್ಮನೆ
ಮೇನ್ ಆಫ್ ಮಾಡಿ ಪ್ಲಗ್ ತೆಗೆದೆ. ಅಮ್ಮ ಮೇಲೆ ಬಂದಿದ್ದಾರೆ. ಕೈ ನಡುಗುತ್ತಿದೆ.

ಕರಾವಳಿ_ಅಕ್ಕ
ಒಳ್ಳೆಯದು ಮಾಡಿದಿರಿ. ನಾನು ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ದೊಡ್ಡಮ್ಮ ಇದ್ದರು. ಮಳೆಗಾಲದಲ್ಲಿ ಜಗಲಿಯಲ್ಲಿ ಬಟ್ಟೆ ಒಣಗಿಸುವ ಕಬ್ಬಿಣದ ತಂತಿ ಕಟ್ಟಿದ್ದರು. ಆ ತಂತಿಯ ಒಂದು ತುದಿ, ಹೊರಗಿನ ಲೈಟಿಗೆ ಎಳೆದ ವೈರಿಗೆ ಉಜ್ಜುತ್ತಿತ್ತು. ವರ್ಷಗಟ್ಟಲೆ ಉಜ್ಜಿ ಸಿಪ್ಪೆ ಹೋಗಿತ್ತು. ಒದ್ದೆ ಸೀರೆ ಹರವಲು ಹೋದವರು ವಾಪಸ್ ಬರಲಿಲ್ಲ. ಅವರ ಮನೆಯಲ್ಲೂ ಮೊದಲು ಆರ್‌ಸಿಸಿಬಿ ಇತ್ತು. ಮಳೆಗೆ ಬೀಳುತ್ತದೆ ಅಂತ ಎರಡು ವರ್ಷದ ಹಿಂದೆ ತೆಗೆಸಿದ್ದರು. ನಾನು ಅವರ ಕೈಯಡುಗೆ ತಿಂದು ಬೆಳೆದವಳು.

ಬೆಳಗಾವಿ_ಹುಡುಗ
ಅಕ್ಕ, ಓದಿ ಸಂಕಟ ಆಯ್ತು. ಮೊದಲ ದಿನ ನಾನು ಬರೆದಿದ್ದು ತಪ್ಪು. ಅರ್ಥ್–ನ್ಯೂಟ್ರಲ್ ಬಿಚ್ಚಿಸಿದ್ದೀನಿ. ಹೊಸ ಗುಂಡಿ ತೋಡಿಸ್ತಾ ಇದ್ದೀವಿ, ಆರ್‌ಸಿಸಿಬಿಗೂ ಹೇಳಿದ್ದೀನಿ.

ನಿವೃತ್ತ_ಇಂಜಿನಿಯರ್
ಒಂದು ಎಚ್ಚರಿಕೆ. ಕಂಬದಿಂದ ಮನೆಗೆ ಬರುವ ಸರ್ವೀಸ್ ವೈರಿಗೆ ತಂತಿ ತಾಗಿದರೆ ಮನೆಯೊಳಗಿನ ಆರ್‌ಸಿಸಿಬಿ ಏನೂ ಮಾಡಲಾರದು, ಅದು ಇರೋದು ಆಮೇಲೆ. ಬಟ್ಟೆಗೆ ನೈಲಾನ್ ಹಗ್ಗ ಕಟ್ಟಿ. ಕಬ್ಬಿಣದ ತಂತಿ ಬೇಡವೇ ಬೇಡ.

ಹಾಸನ_ಮೇಲ್ಮನೆ
ನಾಲ್ಕು ದಿನ ಆದ ಮೇಲೆ ಬರೀತಾ ಇದ್ದೀನಿ. ಹುಡುಕುವ ಕೆಲಸಕ್ಕೆ ಬೇರೆ ಕೂಲಿ ಅಂತ ಹೇಳಿ ಅದೇ ಎಲೆಕ್ಟ್ರಿಷಿಯನ್‌ನನ್ನು ಕರೆದೆ. ಪೂರ್ತಿ ಒಂದು ದಿನ ಕೂತು ನೋಡಿದರು.

ಮೆಟ್ಟಿಲ ಲೈಟ್: ತುಮಕೂರಿನವರು ಹೇಳಿದ್ದೇ. ಮೇಲಿನ ಬೋರ್ಡ್ ಹತ್ತಿರ ಇತ್ತು ಅಂತ ನ್ಯೂಟ್ರಲ್ ಅಲ್ಲಿಂದ ಕೊಟ್ಟಿದ್ದರು. ಈಗ ಕೆಳಗಿನಿಂದಲೇ ಕಪ್ಪು ವೈರ್ ಎಳೆದಿದ್ದಾರೆ. ಅವರೇ ತಪ್ಪು ಒಪ್ಪಿಕೊಂಡರು. ಅಮ್ಮ ಸ್ವಿಚ್ ಹಾಕಿದರು, ಲೈಟ್ ಹತ್ತಿತು, ಮೇಲೆ ಏನೂ ಬೀಳಲಿಲ್ಲ.

ಕೆಳಗಿನ ಗೀಸರ್: ಕಾಯಿಲ್ ಸೋರುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಪ್ಲಗ್ ಪಾಯಿಂಟಿನ ಹಸಿರು ಅರ್ಥ್ ವೈರ್ ಎಲ್ಲಿಗೂ ಹೋಗಿರಲಿಲ್ಲ. ಗೋಡೆಯೊಳಗೆ ಮಡಚಿ ಬಿಟ್ಟಿದ್ದರು. ಅರ್ಥಿಂಗ್ ಗುಂಡಿಯ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ತುಂಡಾಗಿತ್ತು. ಅಪ್ಪ ಇದ್ದಾಗ ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿದ್ದರು. ಅವರು ಹೋದ ಮೇಲೆ ನಾವ್ಯಾರೂ ಅದರ ಕಡೆ ನೋಡಿರಲಿಲ್ಲ.

ಈಗ ಹೊಸ ಗುಂಡಿ ಆಗಿದೆ. ಕೆಳಗೂ ಪಿಂಗಾಣಿ ಫ್ಯೂಸ್ ತೆಗೆದು ಡಿಬಿ ಹಾಕಿಸುತ್ತಿದ್ದೇವೆ, ಅದಕ್ಕೆ ಬೇರೆ ಆರ್‌ಸಿಸಿಬಿ. ಹಳೇ ಫ್ಯೂಸ್ ಒಂದರಲ್ಲಿ ಮೂರು ಎಳೆ ದಪ್ಪ ತಾಮ್ರದ ತಂತಿ ಸುತ್ತಿತ್ತು.

ಪಾಲಿಟೆಕ್ನಿಕ್_ಮೇಷ್ಟ್ರು
ಆ ಮೂರು ಎಳೆ ಕರಗೋ ಮೊದಲು ನಿಮ್ಮ ಮನೆಯ ವೈರ್ ಕರಗುತ್ತಿತ್ತು. ಕೆಳಗಿನ ಹಳೇ ವೈರನ್ನೂ ಮೆಗ್ಗರ್ ಹಾಕಿಸಿ ನೋಡಿಸಿದ ಮೇಲೆ ಡಿಬಿ ಕೂರಿಸಿ.

ಎಂಸಿಬಿ ಕೊಳ್ಳುವಾಗ ಆಂಪಿಯರ್ ಮುಂದೆ ಇರುವ ಅಕ್ಷರ ನೋಡಿ. ಬಿ ಇದ್ದರೆ ಶಾರ್ಟ್ ಆದಾಗ 3ರಿಂದ 5 ಪಟ್ಟಿಗೆ ತಕ್ಷಣ ಬೀಳುತ್ತದೆ. ಸಿ ಇದ್ದರೆ 5ರಿಂದ 10 ಪಟ್ಟು. ಡಿ ಇದ್ದರೆ 10ರಿಂದ 20. ಲೈಟಿಗೆ, ಗೀಸರಿಗೆ ಬಿ ಸಾಕು. ನೀರಿನ ಮೋಟರ್ ಶುರುವಾಗುವಾಗ ಐದಾರು ಪಟ್ಟು ಎಳೆಯುತ್ತದೆ, ಅದಕ್ಕೆ ಸಿ ಬೇಕು. ಡಿ ಮನೆಗೆ ಬೇಡ. ಐಎಸ್‌ಐ ಗುರುತು ಇರಲಿ, ಬಿಲ್ ತೆಗೆದುಕೊಳ್ಳಿ.

ತುಮಕೂರು_ವೈರ್‌ಮ್ಯಾನ್
ಮೇಷ್ಟ್ರೇ, ಸಣ್ಣ ಊರಿನ ಅಂಗಡಿಯಲ್ಲಿ ಬಿ ಕೇಳಿದರೆ "ಸಿ ಇದೆ ತಗೊಳ್ಳಿ" ಅಂತಾರೆ. ಸಿಗದೇ ಇದ್ದರೆ ಸಿ ಹಾಕಿ, ಪರವಾಗಿಲ್ಲ. ಆಂಪಿಯರ್ ಮಾತ್ರ ತಪ್ಪಬಾರದು.

ಹಾಸನ_ಮೇಲ್ಮನೆ
ಮೇಲಿನ 32 ಎಲ್ಲ ತೆಗೆದು 16 ಹಾಕಿಸಿದೆ. ಒಂದೇ ತೊಂದರೆ. ಅಡುಗೆಮನೆಗೆ ಒಂದೇ ಲೈನ್. ಇಂಡಕ್ಷನ್ ಒಲೆ 2 ಕಿಲೊವ್ಯಾಟ್, ಓವನ್ 1.2, ಮಿಕ್ಸಿ, ಕೆಟಲ್. ಎಲ್ಲ ಒಟ್ಟಿಗೆ ಹಾಕಿದರೆ ಬೆಳಗ್ಗೆ 16 ಬಿತ್ತು. 20 ಹಾಕಿಸಲಾ?

ತುಮಕೂರು_ವೈರ್‌ಮ್ಯಾನ್
ಎಂಸಿಬಿ ದೊಡ್ಡದು ಮಾಡಬೇಡಿ, ಲೈನ್ ಇನ್ನೊಂದು ಮಾಡಿ. ಪೈಪಿನಲ್ಲಿ ಜಾಗ ಇದ್ದರೆ ಒಂದು 4ರ ಜೋಡಿ ಎಳೆಸಿ ಇಂಡಕ್ಷನ್ ಒಲೆಗೆ ಬೇರೆ ಕೊಡಿ, 20ರ ಎಂಸಿಬಿ. ಬಾಕಿಯೆಲ್ಲ ಹಳೇ ಲೈನಿನಲ್ಲಿ ಇರಲಿ. ನ್ಯೂಟ್ರಲ್ ಕೂಡ ಹೊಸದೇ ಎಳೆಸಿ, ಹಳೇದಕ್ಕೆ ಸೇರಿಸಬೇಡಿ. ಅದರ ರುಚಿ ಈಗಾಗಲೇ ನೋಡಿದ್ದೀರಿ.

ಮೆಲ್ಬರ್ನ್_ಕನ್ನಡಿಗ
ಕೆಳಗಿನ ಡಿಬಿಯಲ್ಲಿ ಫ್ರಿಜ್ ಲೈನಿಗೆ ಆರ್‌ಸಿಬಿಒ ಬೇರೆ ಹಾಕಿಸೋಕೆ ಆಗುತ್ತದಾ ನೋಡಿ. ಅಮ್ಮ ಊರಿಗೆ ಹೋದಾಗ ಬೇರೆ ಏನೋ ಬಿದ್ದು ಫ್ರಿಜ್ ನಿಂತು ಹಾಲು ಮೊಸರು ಹಾಳಾಗಲ್ಲ.

ಕರಾವಳಿ_ಅಕ್ಕ
ಡಿಬಿ ಮುಚ್ಚಳದ ಮೇಲೆ ಯಾವುದು ಯಾವುದರದ್ದು ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಅಮ್ಮನಿಗೆ ಓದುವ ಹಾಗೆ ಇರಬೇಕು. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಲು ಅವರಿಗೇ ಹೇಳಿಕೊಡಿ. ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ ಅಂತ.

ಹಾಸನ_ಮೇಲ್ಮನೆ
ಇವತ್ತು ಕೆಳಗಿನ ಡಿಬಿ ಆಯ್ತು. ಫ್ರಿಜ್‌ಗೆ ಆರ್‌ಸಿಬಿಒ ಬೇರೆ ಹಾಕಿಸಿದೆ. ಚೀಟಿ ಅಮ್ಮನೇ ಬರೆದರು: "ಬಚ್ಚಲು", "ದೇವರ ಮನೆ ಲೈಟು", "ಮೆಟ್ಟಿಲು". ಟೆಸ್ಟ್ ಬಟನ್ ಅವರೇ ಒತ್ತಿದರು, ಬಿತ್ತು. ಆದರೆ ಹಳೇ ಗ್ರೈಂಡರ್ ಹಾಕಿದ ಕೂಡಲೇ ಹೊಸ ಆರ್‌ಸಿಸಿಬಿ ಬೀಳುತ್ತಿದೆ. ಗ್ರೈಂಡರ್ ಅಪ್ಪ ತಂದದ್ದು, ಇಪ್ಪತ್ತು ವರ್ಷದ ಹಿಂದಿನದು.

ತುಮಕೂರು_ವೈರ್‌ಮ್ಯಾನ್
ಅದರ ಮೋಟರಿನೊಳಗೆ ಹಿಟ್ಟಿನ ನೀರು ಇಳಿದಿರುತ್ತದೆ. ಎಸೆಯಬೇಡಿ. ಮೋಟರ್ ವೈಂಡಿಂಗ್ ಮಾಡುವವರ ಹತ್ತಿರ ಕೊಡಿ, ಬಿಚ್ಚಿ ಒಣಗಿಸಿ, ಬೇಕಾದ್ರೆ ಹೊಸ ವೈಂಡಿಂಗ್ ಹಾಕಿ ಕೊಡ್ತಾರೆ. ವಾಪಸ್ ಬಂದ ಮೇಲೆ ಆರ್‌ಸಿಸಿಬಿ ಇರುವ ಪಾಯಿಂಟಿಗೇ ಹಾಕಿ ನೋಡಿ. ನಿಂತರೆ ಹಿಟ್ಟು ರುಬ್ಬಿ.